ನೈದಿಲೆಯ ಪೆಟ್ಟು

ಮೊನ್ನೆ ಮತ್ತೆ ಜನ್ನನ ‘ಯಶೋಧರ ಚರಿತೆ’ ತೆಗೆದು ಕುಳಿತಿದ್ದೆ. 1209ರ ಕಾವ್ಯ, ಹೊಯ್ಸಳ ವೀರಬಲ್ಲಾಳನ ಆಸ್ಥಾನ ಕವಿಯದು. ಕಾಲೇಜಿನಲ್ಲಿದ್ದಾಗ ಅದರ ರಾಣಿ ಅಮೃತಮತಿ ಎಂದರೆ ಜಾರಿಣಿ ಎಂದು ಬರೆದು ಅಂಕ ಗಿಟ್ಟಿಸಿದವರು ನಾವು. ಈಗ ಬಂಡಾಯದ ಹೆಣ್ಣು ಎಂದು ಬರೆದರೂ ಅಷ್ಟೇ ಅಂಕ ಬಂದೀತು. ನನಗೆ ಎರಡೂ ಒಗ್ಗುವುದಿಲ್ಲ.

ಉಜ್ಜಯಿನಿಯ ಅರಮನೆ. ಪಕ್ಕದಲ್ಲಿ ರಾಜ ಯಶೋಧರ ಮಲಗಿದ್ದಾನೆ. ನಸುಕಿನಲ್ಲಿ ಮಾವುತನ ಹಾಡು ತೇಲಿ ಬರುತ್ತದೆ. ಹಾಡಿದವನ ಮುಖ ಕಾಣುವ ಮೊದಲೇ ರಾಣಿ ಸೋತಾಗಿದೆ. ನೋಡಿಬರಲು ಹೋದ ಕೆಳದಿ ಆ ಮಾವುತ ಅಷ್ಟಾವಂಕನ ವಿಕಾರವನ್ನು ಹೇಸಿಕೊಂಡು ವರ್ಣಿಸಿದರೆ, ಒಲವಾದ ಮೇಲೆ ರೂಪದ ಗೊಡವೆ ಏಕೆ ಎನ್ನುತ್ತಾಳೆ ಇವಳು. ತನ್ನ ಆಸೆಗೆ ತಾನೇ ವಕಾಲತ್ತು ವಹಿಸುವ ಈ ರಾಣಿಯನ್ನು ಕಂಡರೆ ನನಗೆ ಈಗಲೂ ಬೆರಗು.

ಚಪ್ಪಾಳೆ ತಟ್ಟುವವರು ಮುಂದಿನ ಪದ್ಯಗಳನ್ನೂ ಓದಬೇಕು. ಒಂದು ರಾತ್ರಿ ತಡವಾಗಿ ಬಂದಳೆಂದು ಮಾವುತ ಅವಳನ್ನು ಮುಡಿ ಹಿಡಿದೆಳೆದು ಬಡಿಯುತ್ತಾನೆ. ಅವಳು ಅವನನ್ನೇ ಓಲೈಸುತ್ತಾಳೆ. ಮರೆಯಲ್ಲಿದ್ದ ಯಶೋಧರ ಕತ್ತಿ ಹಿರಿದವನು ಹಾಗೆಯೇ ತಡೆದುಕೊಳ್ಳುತ್ತಾನೆ. ಮರುದಿನ ಹೆಂಡತಿಗೆ ನೈದಿಲೆಯಿಂದ ಮೆಲ್ಲನೆ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಕುಸಿಯುತ್ತಾಳೆ! ರಾತ್ರಿ ಅಷ್ಟು ಪೆಟ್ಟು ತಡೆದ ಮೈ ಹಗಲಲ್ಲಿ ಹೂವಿಗೆ ಬೀಳಬೇಕು. ಸುಕುಮಾರಿಯಾಗಿರುವುದು ರಾಣಿಯ ಉದ್ಯೋಗ ತಾನೆ.

ಇನ್ನು ಅತ್ತೆ ಚಂದ್ರಮತಿ. ಕಂಡದ್ದನ್ನು ತಾಯಿಗೆ ಹೇಳಲಾರದೆ ಮಗ ಕೆಟ್ಟ ಕನಸಿನ ಕಥೆ ಕಟ್ಟಿದರೆ, ಅವಳು ಬಲಿ ಕೊಡು ಎನ್ನುತ್ತಾಳೆ. ಅವನು ಒಲ್ಲೆನೆಂದಾಗ ಹಿಟ್ಟಿನ ಕೋಳಿಗೆ ಒಪ್ಪಿಸುತ್ತಾಳೆ. ಕೊನೆಗೆ ತಾಯಿ ಮಗ ಇಬ್ಬರಿಗೂ ವಿಷವಿಕ್ಕುವವಳು ಸೊಸೆ. ಕಥೆಯನ್ನು ತಳ್ಳಿಕೊಂಡು ಹೋಗುವವರು ಹೆಂಗಸರು. ರಾಜನದು ಬರೀ ಹಿಂಜರಿಕೆ.

ಹಿಟ್ಟಿನ ಕೋಳಿಯನ್ನು ಕಡಿದರೂ ಸಂಕಲ್ಪವೇ ಹಿಂಸೆ ಎಂದು ತಾಯಿ ಮಗ ನವಿಲಾಗಿ, ನಾಯಿಯಾಗಿ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಪಾರಾಗುತ್ತಾರೆ. ಮನಸ್ಸಿನೊಳಗಿನದನ್ನು ಇಷ್ಟು ನಾಜೂಕಾಗಿ ತೂಗುವ ಕಾವ್ಯ ಅಮೃತಮತಿಯ ಸರದಿ ಬಂದಾಗ ತಕ್ಕಡಿಯನ್ನೇ ಬದಿಗಿಡುತ್ತದೆ. ನರಕ, ಅಷ್ಟೇ. ಎರಡು ಕೊಲೆ ಮಾಡಿದವಳು, ಒಪ್ಪಿದೆ. ಆದರೂ ನವಿಲಿಗೆ ಸಿಕ್ಕ ದಾರಿ ಅವಳಿಗೆ ಸಿಗಲಿಲ್ಲವಲ್ಲ.

ಈ ಸಲ ಓದುವಾಗ ಇನ್ನೊಂದು ಹೊಳೆಯಿತು. ಮಾರಿದತ್ತನೆಂಬ ರಾಜನ ಮುಂದೆ ನಿಂತು ಇದನ್ನೆಲ್ಲ ಹೇಳುತ್ತಿರುವವನು ಅಭಯರುಚಿ. ಅಂದರೆ ಅವಳು ಕೊಂದ ಗಂಡ. ಹಾಡು ಕೇಳಿಬಂದಾಗ ಅವನು ನಿದ್ದೆಯಲ್ಲಿದ್ದ. ಕೆಳದಿಯೊಡನೆ ಅವಳು ಮಾತನಾಡಿದಾಗ ಅಲ್ಲಿರಲೇ ಇಲ್ಲ.