ಖಾಸಗಿ ಯಾತ್ರೆ, ಸರ್ಕಾರಿ ಯಾತ್ರಿಕರು

ದುಡ್ಡು ಕೊಟ್ಟು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದವರನ್ನು 'ಪ್ರವಾಸಿ' ಅಂತ ಕರೆದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಅವರು ಪ್ರವಾಸಿಗಳಲ್ಲ, 'ಖಾಸಗಿ ಗಗನಯಾತ್ರಿಗಳು'. ಅಮೆರಿಕದ ಕಾನೂನಿಗೆ ಎರಡೂ ಪದ ರುಚಿಸಲಿಲ್ಲ. 2004ರಲ್ಲಿ ಅದು 'ಸ್ಪೇಸ್ ಫ್ಲೈಟ್ ಪಾರ್ಟಿಸಿಪೆಂಟ್' ಎಂಬ ಮೂರನೆಯ ಜಾತಿಯನ್ನೇ ಸೃಷ್ಟಿಸಿತು. ಪ್ರಯಾಣಿಕ ಅಂದುಬಿಟ್ಟರೆ ಅವನ ಜೀವಕ್ಕೆ ಯಾರೋ ಹೊಣೆ ಹೊರಬೇಕಾಗುತ್ತದೆ. ಪಾಲ್ಗೊಳ್ಳುವವನಾದರೆ ಆ ರಗಳೆ ಕಡಿಮೆ. 'ಈ ವಾಹನ ಸುರಕ್ಷಿತ ಎಂದು ಸರ್ಕಾರ ಪ್ರಮಾಣಪತ್ರ ಕೊಟ್ಟಿಲ್ಲ' ಅಂತ ಲಿಖಿತವಾಗಿ ತಿಳಿಸಿ, ರುಜು ಹಾಕಿಸಿಕೊಂಡು, ಬೆಲ್ಟ್ ಬಿಗಿದು ಕೂರಿಸಿದರಾಯಿತು. ಅಳಿಯ ಅಲ್ಲ, ಮಗಳ ಗಂಡ.

ಮೊದಲ ಅಳಿಯ ಡೆನಿಸ್ ಟಿಟೊ. 2001ರ ಏಪ್ರಿಲ್‌ನಲ್ಲಿ, ಅರವತ್ತರ ವಯಸ್ಸಿನಲ್ಲಿ, ಸುಮಾರು 2 ಕೋಟಿ ಡಾಲರ್ ತೆತ್ತು ರಷ್ಯಾದ ಸೊಯುಜ್ ನೌಕೆ ಹತ್ತಿ ಹೋದರು. ತಮಾಷೆ ನೋಡಿ: ಕಮ್ಯುನಿಸಂ ಕಲಿಸಿದ ದೇಶ ಟಿಕೆಟ್ ಮಾರುತ್ತಿತ್ತು, ಬಂಡವಾಳಶಾಹಿಯ ತವರುಮನೆ 'ಛೆ ಛೆ, ದುಡ್ಡಿಗೆಲ್ಲಾ ಕರೆದುಕೊಂಡು ಹೋಗೋದಾ' ಅಂತ ಮೂಗು ಮುರಿಯುತ್ತಿತ್ತು. ಹ್ಯೂಸ್ಟನ್ನಿನಲ್ಲಿ ಟಿಟೊಗೆ ತರಬೇತಿ ಕೊಡಲು ನಾಸಾ ಒಪ್ಪದಿದ್ದಾಗ, ಅವರ ಜೊತೆಗಿದ್ದ ರಷ್ಯಾದ ಇಬ್ಬರು ಗಗನಯಾತ್ರಿಗಳೂ 'ಹಾಗಾದರೆ ನಮಗೂ ಬೇಡ' ಅಂತ ಹೊರನಡೆದರು. ಕೊನೆಗೆ ರಾಜಿಯಾಯಿತು. ಅಮೆರಿಕದ ಭಾಗಕ್ಕೆ ಟಿಟೊ ಒಬ್ಬರೇ ಕಾಲಿಡುವಂತಿಲ್ಲ, ಏನಾದರೂ ಒಡೆದರೆ ದುಡ್ಡು ಅವರೇ ಕಟ್ಟಬೇಕು. ಗಾಜಿನ ಸಾಮಾನಿನ ಅಂಗಡಿಗೆ ಮಗು ಕರೆದುಕೊಂಡು ಹೋದಾಗ ಮಾಲೀಕ ನೋಡುವ ನೋಟ ನೆನಪಿಸಿಕೊಳ್ಳಿ. ಅದೇ ನೋಟ, 400 ಕಿಲೋಮೀಟರ್ ಎತ್ತರದಲ್ಲಿ.

ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಮೂಗು ನೆಟ್ಟಗಾಯಿತು. 2019ರ ಜೂನ್‌ನಲ್ಲಿ ನಾಸಾ ತಾನೇ ಗಲ್ಲಾಪೆಟ್ಟಿಗೆ ತೆರೆದು ಕೂತು ದರಪಟ್ಟಿ ತೂಗುಹಾಕಿತು. ಅದನ್ನು ನಾನು ಮೂರು ಸಲ ಓದಿದ್ದೇನೆ, ಮೂರು ಸಲವೂ ಹೊಸ ಸುಖ ಸಿಕ್ಕಿದೆ. ಜೀವಾಧಾರ ವ್ಯವಸ್ಥೆ ಮತ್ತು ಶೌಚಾಲಯಕ್ಕೆ ತಲೆಗೆ ದಿನಕ್ಕೆ 11,250 ಡಾಲರ್. ಊಟ, ಗಾಳಿ, ಔಷಧಿ ಪೆಟ್ಟಿಗೆ, ವ್ಯಾಯಾಮದ ಸಲಕರಣೆ ಇತ್ಯಾದಿಗೆ 22,500. ಕರೆಂಟು ಯೂನಿಟ್ಟಿಗೆ 42 ಡಾಲರ್. ಡೇಟಾ ಒಂದು ಜಿಬಿಗೆ 50 ಡಾಲರ್. ಒಟ್ಟಾರೆ ಒಂದು ರಾತ್ರಿಗೆ ಸುಮಾರು 35,000 ಅಂತ ಹೇಳಿದರು. ದಿನಕ್ಕೆ 16 ಸಲ ಸೂರ್ಯ ಹುಟ್ಟಿ ಮುಳುಗುವ ಜಾಗದಲ್ಲಿ ಯಾವ ರಾತ್ರಿಗೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹದಿನಾರು ರಾತ್ರಿಗೂ ಬಿಲ್ ಬರುತ್ತಿತ್ತೇನೋ.

ಆ ಶೌಚಾಲಯದ ಲೆಕ್ಕದ ಬಗ್ಗೆ ನನ್ನದೊಂದು ತಕರಾರಿದೆ. ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧೀಕರಿಸಿ ಮತ್ತೆ ಕುಡಿಯುವ ನೀರು ಮಾಡುತ್ತಾರೆ. ನೀರಿನ ಮರುಬಳಕೆ ಶೇ 98ಕ್ಕೆ ಮುಟ್ಟಿತು ಅಂತ 2023ರಲ್ಲಿ ನಾಸಾ ಬೆನ್ನು ತಟ್ಟಿಕೊಂಡಿತು. ಅಂದರೆ ಅತಿಥಿ ಬರಿಗೈಲಿ ಹೋಗುತ್ತಿಲ್ಲ, ಕಚ್ಚಾ ಮಾಲು ಸರಬರಾಜು ಮಾಡುತ್ತಿದ್ದಾನೆ. ಅವನ ನಿನ್ನೆಯ ಕಾಫಿಯಲ್ಲೇ ನಾಳೆ ಇಡೀ ಸಿಬ್ಬಂದಿ ಕಾಫಿ ಕುಡಿಯುತ್ತದೆ. ಆ ಬಾಬ್ತು ಬಿಲ್ಲಿನಲ್ಲಿ ಒಂದು ಡಾಲರ್ ಆದರೂ ವಜಾ ಮಾಡಬೇಡವೇ? ಉಹುಂ. 2021ರಲ್ಲಿ ದರ ಪರಿಷ್ಕರಿಸಿ, ಊಟಕ್ಕೇ ಪ್ರತ್ಯೇಕವಾಗಿ ದಿನಕ್ಕೆ 2,000 ಡಾಲರ್, ಯಾತ್ರೆಯೊಂದಕ್ಕೆ ನಿಲ್ದಾಣದ ಸಿಬ್ಬಂದಿಯ ಸಮಯಕ್ಕೆ 52 ಲಕ್ಷ ಡಾಲರ್ ಅಂತ ಏರಿಸಿದರು.

ಇಷ್ಟಾದರೂ ಗಿರಾಕಿಗಳು ಬಂದರು. 2022ರ ಏಪ್ರಿಲ್‌ನಲ್ಲಿ ಆಕ್ಸಿಯಮ್ ಸ್ಪೇಸ್ ಕಂಪನಿಯ ಮೊದಲ ಯಾತ್ರೆ. ಮೂವರು ಶ್ರೀಮಂತರು, ಸೀಟೊಂದಕ್ಕೆ ಐದೂವರೆ ಕೋಟಿ ಡಾಲರ್ ಅಂತ ಸುದ್ದಿ, ಮುಂದೆ ಕಮಾಂಡರ್ ಆಗಿ ನಾಸಾದ ಮಾಜಿ ಗಗನಯಾತ್ರಿ ಮೈಕೆಲ್ ಲೋಪೆಜ್-ಅಲೆಗ್ರಿಯಾ. ಪ್ರವಾಸಿಗಳಲ್ಲ ಅಂತ ಸಾಬೀತು ಮಾಡುವ ಹಟಕ್ಕೆ ಬಿದ್ದು ಪ್ರಯೋಗಗಳ ಮೂಟೆ ಹೊತ್ತುಕೊಂಡು ಹೋದರು. ಜೀವಮಾನದ ಉಳಿತಾಯ ಸುರಿದು ಅಷ್ಟೆತ್ತರಕ್ಕೆ ಏರಿ, ಕಿಟಕಿಯಾಚೆ ಭೂಮಿ ತಿರುಗುತ್ತಿರುವಾಗ ತಲೆ ತಗ್ಗಿಸಿ ಕೆಲಸ ಮಾಡುವುದು! ವೇಳಾಪಟ್ಟಿ ಅತಿಯಾಯಿತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಪುಣ್ಯಕ್ಕೆ, ಇಳಿಯಬೇಕಾದ ಸಮುದ್ರದ ಹವೆ ಕೆಟ್ಟಿತು. ಹತ್ತು ದಿನದ ಯಾತ್ರೆ ಹದಿನೇಳಕ್ಕೆ ಎಳೆಯಿತು. ಕರಾರಿನಲ್ಲೇ ಇಂಥ ತಡಕ್ಕೆ ಜಾಗ ಬಿಟ್ಟಿದ್ದರಿಂದ ಹೆಚ್ಚುವರಿ ಬಾಡಿಗೆಯೂ ಬೀಳಲಿಲ್ಲ. ಚೆಕ್‌ಔಟ್ ಸಮಯ ಮೀರಿ ಒಂದು ವಾರ ಉಳಿದು, ಕೌಂಟರಿನಲ್ಲಿ ಜಗಳವಾಡದೆ ಹೊರಬಿದ್ದವರು ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು.

ಆ ಯಾತ್ರೆಯಿಂದ ಪಾಠ ಕಲಿತ ನಾಸಾ ಅದೇ ವರ್ಷ ಒಂದು ಅಪ್ಪಣೆ ಹೊರಡಿಸಿತು: ಖಾಸಗಿ ಯಾತ್ರೆಗೆ ಕಮಾಂಡರ್ ಆಗುವವರು ನಾಸಾದ ಮಾಜಿ ಗಗನಯಾತ್ರಿಯೇ ಆಗಿರಬೇಕು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ, ನನಗೂ ಗೊತ್ತು. ಆದರೆ ಖಾಸಗಿಯವರಿಗೆ ಬಾಗಿಲು ತೆರೆದಿದ್ದೇವೆ ಅಂತ ಡಂಗುರ ಹೊಡೆದ ಸರ್ಕಾರ, ಬಾಗಿಲಲ್ಲಿ ತನ್ನದೇ ನಿವೃತ್ತ ನೌಕರನನ್ನು ಕೂರಿಸಿದ ಚೆಂದವನ್ನು ನೋಡದೆ ಇರುವುದು ಹೇಗೆ? ಪೆನ್ಷನ್ ಇತ್ತ ಕಡೆ, ಸಂಬಳ ಅತ್ತ ಕಡೆ.

ಹೋಗಲಿ, ಕಮಾಂಡರ್ ಒಬ್ಬರು ಹಾಗೆ ಅಂದುಕೊಳ್ಳೋಣ. ಹಿಂದಿನ ಸೀಟಿನವರು? ಎರಡನೆಯ ಯಾತ್ರೆಯಲ್ಲಿ, 2023ರಲ್ಲಿ, ಇಬ್ಬರು ಸೌದಿ ಅರೇಬಿಯಾ ಕಳಿಸಿದವರು, ತಮ್ಮ ದುಡ್ಡಿನಲ್ಲಿ ಹೋದವರು ಒಬ್ಬರೇ. ಮೂರನೆಯದರಲ್ಲಿ, 2024ರ ಜನವರಿ: ಇಟಲಿಯ ವಾಯುಪಡೆಯವರು ಒಬ್ಬರು, ಟರ್ಕಿಯ ವಾಯುಪಡೆಯವರು ಒಬ್ಬರು, ಸ್ವೀಡನ್ನಿನವರು ಒಬ್ಬರು. ಎಲ್ಲರ ಹಿಂದೆಯೂ ಸರ್ಕಾರ. ನಾಲ್ಕನೆಯದು 2025ರ ಜೂನ್‌ನಲ್ಲಿ: ಭಾರತೀಯ ವಾಯುಪಡೆಯ ಶುಭಾಂಶು ಶುಕ್ಲಾ, ಪೋಲೆಂಡ್ ಮತ್ತು ಹಂಗೆರಿಯ ಒಬ್ಬೊಬ್ಬರು. ಅವರ ಕಮಾಂಡರ್, ನಾಸಾದಿಂದ ನಿವೃತ್ತರಾದ ಪೆಗ್ಗಿ ವಿಟ್ಸನ್. ಶ್ರೀಮಂತರ ಸುಳಿವೇ ಇಲ್ಲ.

1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದರು. ವಾಯುಪಡೆಯ ಅಧಿಕಾರಿ, ಸರ್ಕಾರ ಕಳಿಸಿತ್ತು, ಆದ್ದರಿಂದ ಸರ್ಕಾರಿ ಯಾತ್ರೆ. 41 ವರ್ಷದ ನಂತರ ಅದೇ ವಾಯುಪಡೆಯ ಅಧಿಕಾರಿ, ಅದೇ ಸರ್ಕಾರ ಕಳಿಸಿದೆ, ಆದರೆ ಇದು ಖಾಸಗಿ ಯಾತ್ರೆ. ನಡುವೆ ಬದಲಾದದ್ದು ಇಷ್ಟೆ: ಆಗ ನೆಂಟರಾಗಿ ಹೋಗಿದ್ದೆವು, ಈಗ ಟಿಕೆಟ್ ತೆಗೆದುಕೊಂಡು ಹೋದೆವು. ಸರ್ಕಾರಗಳು ಕೊಟ್ಟ ದುಡ್ಡು, ಸರ್ಕಾರಗಳು ಕಟ್ಟಿದ ನಿಲ್ದಾಣ, ಸರ್ಕಾರ ತಯಾರು ಮಾಡಿದ ಕಮಾಂಡರ್. ನಡುವೆ ಒಂದು ಕಂಪನಿಯ ಲಾಂಛನ ಅಂಟಿಸಿದ ತಕ್ಷಣ ಎಲ್ಲವೂ ಖಾಸಗಿ.

ಅಮೆರಿಕವೂ ಈ ಆಟದಲ್ಲಿ ಗಿರಾಕಿಯಾಗಿದೆ. 2021ರಲ್ಲಿ ನಾಸಾಕ್ಕೆ ತನ್ನ ಗಗನಯಾತ್ರಿ ಮಾರ್ಕ್ ವಾಂಡೆ ಹೈ ಅವರನ್ನು ಕಳಿಸಲು ರಷ್ಯಾದ ಸೊಯುಜ್‌ನಲ್ಲಿ ಒಂದು ಸೀಟು ಬೇಕಾಯಿತು. ನೇರ ರಷ್ಯಾವನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆಕ್ಸಿಯಮ್ ಮೂಲಕ ಪಡೆಯಿತು, ಬದಲಿಗೆ ಮುಂದೊಂದು ದಿನ ಅಮೆರಿಕದ ನೌಕೆಯಲ್ಲಿ ಒಂದು ಸೀಟು ಕೊಡುವುದಾಗಿ ಮಾತಾಯಿತು. ಅಂದರೆ ಅಮೆರಿಕದ ಸರ್ಕಾರ ರಷ್ಯಾ ಸರ್ಕಾರದ ನೌಕೆಯ ಸೀಟನ್ನು ಅಮೆರಿಕದ ಖಾಸಗಿ ಕಂಪನಿಯ ಕೈಯಿಂದ ತೆಗೆದುಕೊಂಡಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದನ್ನು ಕೇಳಿದ್ದೆ, ಇದು ಸೊಯುಜ್ ಹಾರುವ ಕಜಕಸ್ತಾನ ಸುತ್ತಿ ಬಂದದ್ದು.

ಹಾಗಾದರೆ ಇಷ್ಟೂ ಖಾಸಗಿ ಯಾತ್ರೆಗಳಲ್ಲಿ ಅಪ್ಪಟ ಖಾಸಗಿ ಯಾರು ಅಂತ ಹುಡುಕುತ್ತಾ ಹೋದೆ. ನಾಲ್ಕನೆಯ ಯಾತ್ರೆಯಲ್ಲಿ ಒಬ್ಬರು ಸಿಕ್ಕರು. ತೂಕವಿಲ್ಲದ ಸ್ಥಿತಿ ಬಂತು ಅಂತ ತೋರಿಸಲು ನೌಕೆಯೊಳಗೆ ಒಂದು ಗೊಂಬೆ ತೇಲಿಬಿಡುವ ರೂಢಿಯಿದೆ. ಆ ಸಲ ಹೋದದ್ದು 'ಜಾಯ್' ಎಂಬ ಬಿಳಿಯ ಹಂಸ. ಯಾವ ವಾಯುಪಡೆಯಲ್ಲೂ ಸೇವೆ ಸಲ್ಲಿಸಿಲ್ಲ, ನಾಸಾದಿಂದ ನಿವೃತ್ತಿಯಾಗಿಲ್ಲ, ಯಾವ ಪ್ರಧಾನಿಯ ಅಭಿನಂದನಾ ಕರೆಗೂ ಕಾಯಲಿಲ್ಲ. ಊಟದ ಬಿಲ್ಲಿಲ್ಲ, 11,250ರ ಬಾಬ್ತೂ ಇಲ್ಲ. ನಮ್ಮಲ್ಲಿ ಹಂಸಕ್ಕೆ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಅನ್ನುವ ಹೆಸರಿದೆ. ಅದರ ಮುಂದೆ ಯಾತ್ರಿಕರ ಪಟ್ಟಿ ಹಿಡಿದು, ತಾಯೀ, ಇದರಲ್ಲಿ ಖಾಸಗಿ ಎಷ್ಟು ಸರ್ಕಾರಿ ಎಷ್ಟು ಬೇರೆ ಮಾಡಿಕೊಡು ಅಂತ ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅದರ ಪಾಡಿಗೆ ಅದು ತೇಲುತ್ತಿತ್ತು.