ಎಫ್‌ಟಿಪಿಯಲ್ಲಿ ಬೈನರಿ ಮೋಡ್ ಮರೆಯಬೇಡಿ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಎಫ್‌ಟಿಪಿಯಲ್ಲಿ ‘ಗೆಟ್’ ಎಂಬ ಆದೇಶ ಕೊಟ್ಟರೆ ಸಾಕು, ಫೈಲ್ ಇಳಿಯುತ್ತದೆ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇಳಿಯುತ್ತದೆ ನಿಜ, ಸರಿಯಾಗಿ ಇಳಿಯುತ್ತದಾ ಅನ್ನೋದು ಬೇರೆ ಮಾತು! ಎಫ್‌ಟಿಪಿಯ ನಿಯಮಗಳನ್ನು ಬರೆದಿಟ್ಟ 1985ರ ಆರ್‌ಎಫ್‌ಸಿ 959 ಎಂಬ ದಾಖಲೆ ಪ್ರಕಾರ ಅದು ಶುರುವಾಗುವುದೇ ಆಸ್ಕಿ ಮೋಡ್‌ನಲ್ಲಿ, ಅಂದರೆ ಫೈಲನ್ನು ಬರೀ ಟೆಕ್ಸ್ಟ್ ಎಂದುಕೊಂಡು ಸಾಗಿಸುವ ರೀತಿಯಲ್ಲಿ. ಲಿನಕ್ಸ್‌ನಿಂದ ವಿಂಡೋಸ್‌ಗೆ ತರುವಾಗ ಅದು 10 ಎಂಬ ಬೈಟ್ (ಲಿನಕ್ಸ್‌ನಲ್ಲಿ ಸಾಲು ಮುಗಿದ ಗುರುತು) ಕಂಡಲ್ಲೆಲ್ಲ ಅದಕ್ಕೂ ಮೊದಲು ಒಂದು 13 ಸೇರಿಸುತ್ತದೆ, ವಿಂಡೋಸ್‌ನಲ್ಲಿ ಸಾಲು ಮುಗಿಯುವುದು ಈ ಎರಡರಿಂದ. ಟೆಕ್ಸ್ಟ್ ಫೈಲ್‌ಗೆ ಅದೇ ಬೇಕು. ಜಿಪ್, ಫೋಟೊ ಆದರೆ ಕೆಟ್ಟಿತು. ನಾನೊಮ್ಮೆ ಹೀಗೆ ತಂದ ಬ್ಯಾಕಪ್ ಜಿಪ್ ತೆರೆಯದೆ, ಸುಮ್ನೆ ಅರ್ಧ ದಿನ ಹಾರ್ಡ್ ಡಿಸ್ಕನ್ನು ಬೈದುಕೊಂಡಿದ್ದೆ. ಸೈಜ್ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಮೂಲಕ್ಕಿಂತ ಜಾಸ್ತಿ ಇತ್ತು. ‘ಗೆಟ್’ಗೂ ಮೊದಲು ‘ಬೈನರಿ’ ಎಂದು ಟೈಪ್ ಮಾಡಿ, ಬೈಟ್‌ಗಳು ಇದ್ದ ಹಾಗೇ ಬರುತ್ತವೆ. ಆ ಕಂಪ್ಯೂಟರಿಗೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಇದ್ದರೆ ಅದರ ಮೂಲಕ ಫೈಲ್ ನಕಲು ಮಾಡುವ ಎಸ್‌ಸಿಪಿ ಬಳಸಿ, ಈ ತಲೆನೋವೇ ಇಲ್ಲ. ದೊಡ್ಡ ಫೈಲ್ ಆದರೆ ಎರಡೂ ಕಡೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ.