ಸಂದೇಹವಾದಿಯ ಮೊಲಕ್ಕೆ ಎಷ್ಟು ಕಾಲು?

ಟೆಲಿಪತಿ (ಮನಸ್ಸಿನಿಂದ ಮನಸ್ಸಿಗೆ ನೇರ ಸಂದೇಶ) ಪ್ರಯೋಗದಲ್ಲಿ ಏನೋ ಸಿಕ್ಕಿತಂತೆ ಎಂದು ಯಾರಾದರೂ ಹೇಳಲಿ, ವಿಚಾರವಾದಿ ಮಿತ್ರರ ಉತ್ತರ ಸಿದ್ಧವಾಗಿರುತ್ತದೆ: "ಎಲ್ಲೋ ಏನೋ ಮೋಸ ಇರುತ್ತೆ ಬಿಡಿ." ಮೋಸ ಇರಬಹುದು, ಒಪ್ಪೋಣ. ನನ್ನ ತಕರಾರೆಲ್ಲ ಆ 'ಎಲ್ಲೋ ಏನೋ' ಬಗ್ಗೆ.

ಸಂಶೋಧಕ ಜೊನಾಥನ್ ಕೇಲರ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅತೀಂದ್ರಿಯ ಶಕ್ತಿಯನ್ನು ನಂಬುವ, ಸಂದೇಹಿಸುವ ಎರಡೂ ಬಣದ ವಿಜ್ಞಾನಿಗಳ ಕೈಗೆ ಸಂಶೋಧನಾ ವರದಿ ಕೊಟ್ಟು ಗುಣಮಟ್ಟ ಅಳೆಯಿರಿ ಎಂದರು. ತಮ್ಮ ನಂಬಿಕೆಗೆ ಹೊಂದುವ ವರದಿಯೇ ಎಲ್ಲರಿಗೂ ಚೆನ್ನಾಗಿ ಕಂಡಿತು. ಇದರಲ್ಲೇನೂ ಆಶ್ಚರ್ಯವಿಲ್ಲ. ಸ್ವಾರಸ್ಯ ಇರುವುದು ಮುಂದೆ: 'ಒಟ್ಟಾರೆ ವಿಧಾನ ಹೇಗಿದೆ?' ಎಂಬಂಥ ಪ್ರಶ್ನೆಗಳಲ್ಲಿ ಈ ಪಕ್ಷಪಾತ ಹೆಚ್ಚಾಗಿತ್ತು, 'ಯಾದೃಚ್ಛಿಕ ಆಯ್ಕೆ ಸರಿಯಾಗಿ ಆಗಿದೆಯೇ?' ಎಂಬಂಥ ನಿರ್ದಿಷ್ಟ ಪ್ರಶ್ನೆಗಳಲ್ಲಿ ಕಡಿಮೆ. ಅಂದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೂ, ಒಂದೊಂದೇ ಕಾಲು ಮುಟ್ಟಿ ಎಣಿಸು ಎಂದರೆ ಹಟ ಸ್ವಲ್ಪ ಸಡಿಲವಾಗುತ್ತದೆ.

ಹೀಗೆ ಎಣಿಸಿ ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ರೇ ಹೈಮನ್. ಹುಡುಗನಾಗಿದ್ದಾಗ ಹಸ್ತಸಾಮುದ್ರಿಕ ಹೇಳುತ್ತಿದ್ದವರು. ರೇಖೆಗಳ ಅರ್ಥವನ್ನು ಬೇಕೆಂದೇ ತಲೆಕೆಳಗಾಗಿ ಹೇಳಿದರೂ ಜನ ತಲೆದೂಗಿದಾಗ ಅವರಿಗೆ ಸಂದೇಹ ಶುರುವಾಯಿತಂತೆ. ಅವರು ಕೈಗೆತ್ತಿಕೊಂಡದ್ದು ಗಾಂಜ್‌ಫೆಲ್ಡ್ ಪ್ರಯೋಗಗಳನ್ನು. ಕಣ್ಣಿಗೆ ಅರ್ಧ ಕತ್ತರಿಸಿದ ಪಿಂಗ್‌ಪಾಂಗ್ ಚೆಂಡು, ಮುಖಕ್ಕೆ ಕೆಂಪು ಬೆಳಕು, ಕಿವಿಗೆ ಭೋರೆನ್ನುವ ಏಕತಾನದ ಸದ್ದು. ಹೀಗೆ ಅರ್ಧ ಗಂಟೆ ಒರಗಿದವರು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾರೆ. ಬೇರೆ ಕೋಣೆಯಲ್ಲಿ ಇನ್ನೊಬ್ಬರು ಒಂದು ಚಿತ್ರ ನೋಡುತ್ತ, ಅದನ್ನು ಮನಸ್ಸಿನಿಂದಲೇ 'ಕಳಿಸಲು' ಯತ್ನಿಸುತ್ತಿರುತ್ತಾರೆ. ಕೊನೆಗೆ ಒರಗಿದವರು ನಾಲ್ಕು ಚಿತ್ರಗಳಲ್ಲಿ ಅದು ಯಾವುದೆಂದು ಆರಿಸಬೇಕು. ಬರೀ ಅದೃಷ್ಟವಾದರೆ ನೂರಕ್ಕೆ 25 ಸರಿಯಾಗಬೇಕು.

ಹೈಮನ್ 1985ರಲ್ಲಿ ಇಂಥ 42 ಅಧ್ಯಯನಗಳ ಲೋಪಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿದರು. ಕೆಲವೆಡೆ, ಕಳಿಸುವವರು ಕೈಯಲ್ಲಿ ಹಿಡಿದಿದ್ದ ಅದೇ ಪ್ರತಿಯನ್ನೇ ಕೊನೆಗೆ ಗುರುತಿಸುವವರ ಮುಂದೆಯೂ ಇಟ್ಟಿದ್ದರು. ಬೆರಳಚ್ಚು, ಮಡಿಕೆ, ಬೆವರಿನ ಕಲೆ ಸಾಕಲ್ಲ ಸುಳಿವಿಗೆ! ಇದಕ್ಕೆ ಮದ್ದು ಸುಲಭ: ಎರಡು ಸೆಟ್ ಚಿತ್ರ ಇಟ್ಟುಕೊಳ್ಳುವುದು. ಇನ್ನು ಕೆಲವೆಡೆ ಚಿತ್ರಗಳನ್ನು ಕೈಯಲ್ಲೇ ಕಲೆಸಿದ್ದರು, ಅದು ಸರಿಯಾದ ಯಾದೃಚ್ಛಿಕ ಆಯ್ಕೆಯಾಗದು. ಒಂದಲ್ಲ ಒಂದು ಲೆಕ್ಕ ಅದೃಷ್ಟದಿಂದಲೇ ಗೆಲ್ಲುವಂತೆ, ಒಂದೇ ಫಲಿತಾಂಶವನ್ನು ನಾಲ್ಕಾರು ರೀತಿಯಲ್ಲಿ ಲೆಕ್ಕ ಹಾಕಿದ್ದೂ ಇತ್ತು. ಮರುವರ್ಷ ಎದುರಾಳಿ, ಗಾಂಜ್‌ಫೆಲ್ಡ್ ಪ್ರಯೋಗಗಳನ್ನು ನಡೆಸುತ್ತಿದ್ದ ಚಾರ್ಲ್ಸ್ ಹೊನೊರ್ಟನ್ ಜೊತೆ ಕೂತು ಜಂಟಿ ಹೇಳಿಕೆ ಬರೆದರು. ಆಯ್ದ ಪ್ರಕಟಣೆ (ಗೆದ್ದ ಪ್ರಯೋಗಗಳನ್ನಷ್ಟೇ ಪ್ರಕಟಿಸುವುದು), ಹಲವು ಬಗೆಯ ಲೆಕ್ಕ ಇವಿಷ್ಟರಿಂದಲೇ, ಒಟ್ಟಾರೆ ಅದೃಷ್ಟಕ್ಕಿಂತ ಹೆಚ್ಚು ಬಂದ ಈ ಫಲಿತಾಂಶವನ್ನು ವಿವರಿಸಲಾಗದು ಎಂದು ಒಪ್ಪಿದರು. ಅದು ಅತೀಂದ್ರಿಯ ಶಕ್ತಿಯ ಪುರಾವೆ ಎಂದು ಮಾತ್ರ ಒಪ್ಪಲಿಲ್ಲ. ಮುಂದಿನ ಪ್ರಯೋಗ ಹೇಗಿರಬೇಕೆಂದು ಇಬ್ಬರೂ ಸೇರಿ ನಿಯಮ ಬರೆದರು. ಕಂಪ್ಯೂಟರ್ ನಡೆಸಿದ ಹೊಸ ಸರಣಿ 1994ರಲ್ಲಿ ಪ್ರಕಟವಾದಾಗ ನೂರಕ್ಕೆ ಸುಮಾರು 32 ಸರಿ ಬಂದಿತ್ತು. ಹೈಮನ್ ಆಗಲೂ 'ಏನೋ' ಎನ್ನಲಿಲ್ಲ. ಕಳಿಸುವವರಿಗೆ ಹೆಚ್ಚು ಸಲ ತೋರಿಸಿದ ದೃಶ್ಯಗಳಲ್ಲೇ ಯಶಸ್ಸು ಹೆಚ್ಚಿದೆ, ಇದೇಕೆ ಎಂದು ಬೆರಳಿಟ್ಟು ಕೇಳಿದರು.

ಸಂದೇಹವಾದಿಗಳು ಮೇಲಿಂದ ಮೇಲೆ ಜಾರುವ ಇನ್ನೊಂದು ಜಾಗ 'ಮತ್ತೆ ಮಾಡಿದಾಗ ಬರಲಿಲ್ಲ' ಎಂಬ ಮಾತು. ಲೆಕ್ಕ ಹಾಕೋಣ. ಒಂದು ಗಾಂಜ್‌ಫೆಲ್ಡ್ ಪ್ರಯೋಗದಲ್ಲಿ 40 ಸಲ ಚಿತ್ರ ಆರಿಸಿದರೆ ಅದೃಷ್ಟದಿಂದ ಸರಿಯಾಗುವುದು ಸರಾಸರಿ 10. ಶೇ. 5ರ ಮಟ್ಟ ದಾಟಲು, ಅಂದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಎನ್ನಲು, ಕನಿಷ್ಠ 16 ಬೇಕು. ನಿಜವಾದ ದರ ಶೇ. 32 ಎಂದೇ ಇಟ್ಟುಕೊಂಡರೂ 16 ಮುಟ್ಟುವ ಸಾಧ್ಯತೆ ಐದರಲ್ಲಿ ಒಂದೂ ಇಲ್ಲ. ಇಷ್ಟು ಚಿಕ್ಕ ಪ್ರಯೋಗ ಸೋತರೆ ಅದು ಯಾವ ಪಕ್ಷಕ್ಕೂ ಸಾಕ್ಷಿಯಾಗದು. ಹಾಗಂತ ನಂಬುವವರು ಹಿಗ್ಗಬೇಕಿಲ್ಲ: 1999ರಲ್ಲಿ ಮನೋವಿಜ್ಞಾನಿಗಳಾದ ಜೂಲಿ ಮಿಲ್ಟನ್ ಮತ್ತು ರಿಚರ್ಡ್ ವೈಸ್‌ಮನ್ 30 ಗಾಂಜ್‌ಫೆಲ್ಡ್ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಣನೀಯ ಪರಿಣಾಮವೇನೂ ಕಾಣಲಿಲ್ಲ.

ನಮ್ಮಲ್ಲಿ ಈ ಚರ್ಚೆಗೆ ಹೆಸರಾದವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅದೇ ಊರಿನ ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಪುನರ್ಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ಅಧ್ಯಯನ ಮಾಡಿದರು. ಎರಡಕ್ಕೂ ಜಾಗವಿದ್ದ ಊರು ನಮ್ಮದು. ಪ್ರಶ್ನಿಸದೆ ಒಪ್ಪಬೇಡಿ ಎಂಬ ನರಸಿಂಹಯ್ಯನವರ ಮಾತನ್ನು ಗೋಡೆಗೆ ತೂಗುಹಾಕಿದವರು, ಪ್ರಶ್ನಿಸದೆ ತಳ್ಳಿಹಾಕುವುದಕ್ಕೆ ಮಾತ್ರ ತಮಗೆ ತಾವೇ ರಿಯಾಯಿತಿ ಕೊಟ್ಟುಕೊಂಡಿದ್ದಾರೆ.

ಕೊನೆಗೆ ವೈಸ್‌ಮನ್ ಅವರದೇ ಪ್ರಯೋಗ, ನನಗೆ ಅತ್ಯಂತ ಇಷ್ಟವಾದದ್ದು. ಅವರು ಸಂದೇಹವಾದಿ, ಜೊತೆಗಾರ್ತಿ ಮೆರಿಲಿನ್ ಶ್ಲಿಟ್ಸ್ ನಂಬುವವರು. ಇನ್ನೊಂದು ಕೋಣೆಯಲ್ಲಿರುವ ವ್ಯಕ್ತಿಯನ್ನು ಟಿ.ವಿ. ಪರದೆಯಲ್ಲಿ ದಿಟ್ಟಿಸುವುದು, ಆ ವ್ಯಕ್ತಿಯ ಚರ್ಮದ ವಿದ್ಯುತ್ ವಾಹಕತೆ ಬದಲಾಗುತ್ತದೆಯೇ ಎಂದು ಅಳೆಯುವುದು. ಅದೇ ಲ್ಯಾಬ್, ಅದೇ ಯಂತ್ರ, ಅದೇ ವಿಧಾನ. 1997ರಲ್ಲಿ ಪ್ರಕಟವಾದ ಫಲಿತಾಂಶ: ಶ್ಲಿಟ್ಸ್ ದಿಟ್ಟಿಸಿದಾಗ ವ್ಯತ್ಯಾಸ ಬಂತು, ವೈಸ್‌ಮನ್ ದಿಟ್ಟಿಸಿದಾಗ ಬರಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯದರಲ್ಲಿ, ಬಂದವರನ್ನು ಸ್ವಾಗತಿಸುವವರು ಯಾರು, ದಿಟ್ಟಿಸುವವರು ಯಾರು ಎಂಬುದನ್ನೂ ಬೇರೆಬೇರೆ ಮಾಡಿ ನೋಡಿದರು. ಆಗ ಇಬ್ಬರಿಗೂ ಏನೂ ಸಿಗಲಿಲ್ಲ. ಮೊದಲೆರಡರದ್ದು ಬರೀ ಕಾಕತಾಳೀಯವೋ, ಸ್ವಾಗತಿಸುವಾಗಿನ ನಗುಮುಖದ ಪ್ರಭಾವವೋ, ಎಲ್ಲಾದರೂ ಸೋರಿಕೆಯೋ? ಅದನ್ನು ಹುಡುಕಲು ನಾಲ್ಕನೆಯ ಸಲ ಕೂರಬೇಕು, ಇಬ್ಬರೂ, ಒಂದೇ ಲ್ಯಾಬಿನಲ್ಲಿ.